ಕೈಯಲ್ಲಿ ಉಳಿದ ಎಳೆ

ಗಜೇಂದ್ರಗಡದ ನೇಕಾರರ ಓಣಿಯ ನಾಗರತ್ನಾಳಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ಅಕ್ಷರವೂ ಹತ್ತಲಿಲ್ಲ. ಏನಿದ್ದರೂ ಕೈಯೇ. ಮಗ್ಗದ ಮೇಲೂ ಅದೇ, ಮಾತಿಗೂ ಅದೇ. ಪುರ್ತಗೇರಿಯ ಶರತನೂ ಅವಳಂಥವನೇ. ಲಗ್ನದ ಮಾತು ಬಂದ ಮೇಲೆ ಇಬ್ಬರೂ ಸಂಜೆಗೊಮ್ಮೆ ಕಂಪ್ಯೂಟರಿನಲ್ಲಿ ಕೈಸನ್ನೆಯಿಂದ ಹರಟುತ್ತಿದ್ದರು. ಫೋನಿನ ಅಂಗೈಯಗಲದ ಗಾಜಿನಲ್ಲಿ ಅವಳಿಗೆ ಬೆರಳು ಗುರುತಾಗುತ್ತಿರಲಿಲ್ಲ. ಅಣ್ಣ ಹನಮಂತಪ್ಪ ಸೀರೆಯ ನಕ್ಷೆ ಬಿಡಿಸುವ ದೊಡ್ಡ ಪರದೆಯೇ ಬೇಕು.

ಆ ಕಂಪ್ಯೂಟರಿನ ಪವರ್ ಸಪ್ಲೈ ಸುಟ್ಟಿತು. ಅಣ್ಣನೇ ಹೊಸದು ತಂದು ಕೂಡಿಸಿದ. ಅಂದಿನಿಂದ ವಿಡಿಯೋ ಕುಂಟತೊಡಗಿತು. ಶರತನ ಕೈ ಎದ್ದದ್ದು ಕಾಣುತ್ತಿತ್ತು, ಇಳಿದದ್ದು ಕಾಣುತ್ತಿತ್ತು. ನಡುವೆ ಹೇಳಿದ್ದೇನು? ಅವಳು ಕೇಳಿದ್ದು ಒಂದೇ ಮಾತು: ಮಗ್ಗ ತರುತ್ತೇನೆ, ನಿಮ್ಮ ಮನೆಯಲ್ಲಿ ಜಾಗ ಇದೆಯೇ?

ನಾಳೆ ಎಲೆಯಡಿಕೆ, ಲಗ್ನ ಗಟ್ಟಿ ಮಾಡುವ ಶಾಸ್ತ್ರ. ತಾಯಿ ವೀರವ್ವ ಎದುರಿಗೆ ಕೂತು ತುಟಿ ಬಿಡಿಸಿ ಹೇಳಿದಳು, "ಈಗ ಹೂಂ ಅನ್ನವಾ. ಮಗ್ಗದ್ದು ಆಮ್ಯಾಲೆ ನೋಡೂಣು."

"ಲಗ್ನಾ ಇಕಿಗೋ, ಮಗ್ಗಕ್ಕೋ?" ಹನಮಂತಪ್ಪ ನಕ್ಕ. ಅವಳು ಕಂಪ್ಯೂಟರಿನತ್ತ ಬೊಟ್ಟು ಮಾಡಿದಾಗ ಅವನೆಂದ, "ನಾ ಎಲ್ಲಾ ಚೊಕ್ಕ ಕಟ್ಟೇನಿ. ಇಂಟರ್ನೆಟ್ಟ ಮಂದ ಐತೇಳ!"

ಅದೇ ನೆಟ್ಟಿನಲ್ಲಿ ಅವನ ಫೋನಿನ ವಿಡಿಯೋ ಸರಾಗ ಓಡುತ್ತಿತ್ತು. ನಾಗರತ್ನಾ ಅದನ್ನು ನೋಡಿದಳು. ಬಾಗಿಲು ತೆರೆದೇ ಇದ್ದರೂ ಅವಳಿಗೆ ಕೋಣೆ ಕಿರಿದಾಗುತ್ತ ಬಂತು.

ಅಣ್ಣ ಪೇಟೆಗೆ ಹೋದ ಮೇಲೆ ಪ್ಲಗ್ ಕಿತ್ತು ಕಂಪ್ಯೂಟರಿನ ಡಬ್ಬಿ ಬಿಚ್ಚಿದಳು. ಒಳಗೆ, ಮೂಲೆಯಲ್ಲಿ, ಹೊಸ ಪವರ್ ಸಪ್ಲೈಯಿಂದ ಬಂದ ಒಂದು ವಾಯರು ಸುತ್ತಿಕೊಂಡು ಕೂತಿತ್ತು. ಅದಕ್ಕೆ ಸೀರೆಯ ಕೆಂಪು ನೂಲಿನ ಗಂಟು, ನೇಕಾರರ ಗಂಟು. ಮಗ್ಗದಲ್ಲಿ ಹೆಚ್ಚಿನ ತುದಿ ತೂಗಾಡಬಾರದೆಂದು ಕಟ್ಟಿಡುವ ರೂಢಿ. ಅಣ್ಣ ಇಲ್ಲಿಯೂ ಕಟ್ಟಿಟ್ಟಿದ್ದ. ಆದರೆ ಹಾಸಿನ ಉದ್ದೆಳೆಗಳನ್ನು ಹಣಿಗೆಯ ಹಲ್ಲುಗಳ ನಡುವೆ ಪೋಣಿಸುವಾಗ ಎಳೆಯೊಂದು ಕೈಯಲ್ಲಿ ಉಳಿದರೆ ಎಲ್ಲೋ ಒಂದು ಸಂದು ಖಾಲಿ ಇರಲೇಬೇಕು. ಅವಳು ಆ ಖಾಲಿ ಹುಡುಕಿದಳು. ಚಿತ್ರ ಮೂಡಿಸುವ ಕಾರ್ಡಿನ ಅಂಚಿನಲ್ಲಿ ಸಿಕ್ಕಿತು. ಗಂಟು ಬಿಚ್ಚಿ ವಾಯರಿನ ಮೂತಿಯನ್ನು ಅದರೊಳಗೆ ಒತ್ತಿದಳು, ಕಟಕ್ಕನೆ ಕೂತದ್ದು ಬೆರಳಿಗೆ ತಿಳಿಯಿತು.

ಸಂಜೆ ಶರತ ಪರದೆಯ ಮೇಲೆ ಬಂದ. ಬೆರಳು ಬೆರಳೂ ಸ್ಪಷ್ಟ. ಅವಳು ಮತ್ತೆ ಕೇಳಿದಳು. ಅವನು ತಡಮಾಡಲಿಲ್ಲ: ಮಗ್ಗ ಬೇಡ, ಜಾಗ ಇಲ್ಲ, ನೇಯುವುದು ಸಾಕು, ನಮ್ಮವ್ವ ಹೇಳಿದ್ದಾಳೆ.

ವಿಡಿಯೋ ಕುಂಟುತ್ತಿದ್ದಾಗ ಇಷ್ಟು ದಿನ ಒಂದು ಆಸೆಯಾದರೂ ಇತ್ತು.

ನಾಗರತ್ನಾ ನಿಧಾನವಾಗಿ, ಒಂದು ಸನ್ನೆಯೂ ತಪ್ಪದಂತೆ ಹೇಳಿದಳು: ಹಾಗಾದರೆ ನಾಳೆ ಬರಬೇಡಿರಿ.

ಶರತ ಅಲುಗಲಿಲ್ಲ. ವಿಡಿಯೋ ಮತ್ತೆ ಸಿಕ್ಕಿಕೊಂಡಿತೇ ಎಂದು ಅವಳು ಪರದೆಗೆ ಬಾಗಿದಳು. ಅವನ ಬೆನ್ನ ಹಿಂದೆ, ಮೇವಿನ ಗೋದಲಿಯ ಮುಂದೆ, ಎಮ್ಮೆ ಬಾಲ ಬೀಸುತ್ತಲೇ ಇತ್ತು.