ಸಾರಿಲ್ಲದ ಶಾವಿಗೆ ಹೊಸೆಯುವ ಮುಕ್ತಾಬಾಯಿ

ಸೊಲ್ಲಾಪುರದ ಮೊದಲ ಸಿಟಿಬಸ್ಸು ಇನ್ನೂ ಡಿಪೋದಿಂದ ಹೊರಬಿದ್ದಿಲ್ಲ. ಹೋಟಗಿ ರಸ್ತೆಯ ಅಡ್ಡ ಓಣಿಯೊಂದರಲ್ಲಿ ‘ನಾಗೋಯಾ ಖಾನಾವಳ’ ಎಂಬ ಬೋರ್ಡಿನ ಕೆಳಗೆ ಶಟರ್ ಅರ್ಧ ಎದ್ದಿದೆ. ಒಳಗೆ ಮುಕ್ತಾಬಾಯಿ ಹುರಿದ ಶೇಂಗಾ, ಬೆಳ್ಳುಳ್ಳಿ, ಖಾರಪುಡಿಯನ್ನು ಒರಳಿಗೆ ಹಾಕಿಕೊಂಡು ಕುಟ್ಟುತ್ತಿದ್ದಾರೆ. ಎದುರಿನ ಕಟ್ಟೆಯ ಮೇಲೆ ಅಂಗಡಿಯ ಮಾಲೀಕ ಓಂಕಾರ ಗೋದಿ ಹಿಟ್ಟಿನ ಜೊತೆ ಕುಸ್ತಿಗೆ ಬಿದ್ದಿದ್ದಾನೆ. ಸದ್ಯಕ್ಕೆ ಹಿಟ್ಟೇ ಗೆಲ್ಲುತ್ತಿದೆ.

“ಬೆರಳಲೆ ಅಲ್ರಿ, ಅಂಗೈ ಬುಡಲೆ ಒತ್ರಿ. ಹಿಟ್ಟಿಗೆ ಅಂಜಬ್ಯಾಡ್ರಿ” ಎನ್ನುತ್ತಾರೆ ಮುಕ್ತಾಬಾಯಿ. ಅವರ ಕೈ ಒಮ್ಮೆ ಒನಕೆ ಬಿಟ್ಟು ಮುಂದೆ ಚಾಚುತ್ತದೆ. ಮರುಗಳಿಗೆಯಲ್ಲಿ ತಾನೇ ಹಿಂದೆ ಸರಿದು ಸೆರಗಿನಲ್ಲಿ ಅಡಗುತ್ತದೆ. ಈ ಅಂಗಡಿಯ ಹೆಸರಾಗಿದ್ದೇ ಆ ಕೈಗಳಿಂದ. ಆದರೆ ಶ್ರಾವಣದಿಂದ ಈಚೆಗೆ ಅವು ಹಿಟ್ಟು ಮುಟ್ಟಿಲ್ಲ. ಇನ್ನು ಮುಟ್ಟುತ್ತವೋ ಇಲ್ಲವೋ ಎಂಬುದು ಇವತ್ತು ಮಧ್ಯಾಹ್ನ ಊಟಕ್ಕೆ ಬರಲಿರುವ ಒಬ್ಬ ಮುದುಕಿಯ ಮಾತಿನ ಮೇಲೆ ನಿಂತಿದೆ.

ಅಂಗಡಿಯ ಕತೆ ಮೊದಲು ಹೇಳಿಬಿಡುವುದು ಒಳ್ಳೆಯದು. ಮೈಂದರ್ಗಿಯ ಒಕ್ಕಲುತನದ ಮನೆಯ ಓಂಕಾರ ಜಪಾನಿನ ನಾಗೋಯಾ ಊರಿನ ಒಂದು ರಾಮೆನ್ ಅಂಗಡಿಯಲ್ಲಿ ಕೆಲವು ವರ್ಷ ದುಡಿದು ಬಂದವನು. ರಾಮೆನ್ ಅಂದರೆ ಬಟ್ಟಲ ತುಂಬ ಸಾರು, ಅದರಲ್ಲಿ ಮುಳುಗಿದ ನೂಡಲ್ಸ್ ಎಂದು ನೀವು ಮೊಬೈಲಿನಲ್ಲಿ ನೋಡಿರುತ್ತೀರಿ. ಇವನು ಕಲಿತು ಬಂದದ್ದು ಸಾರಿಲ್ಲದ ರಾಮೆನ್. ಬಟ್ಟಲಿನ ತಳದಲ್ಲಿ ಸೋಯಾ, ಎಳ್ಳೆಣ್ಣೆಯ ಮಸಾಲೆ. ಅದರ ಮೇಲೆ ಬಿಸಿ ನೂಡಲ್ಸ್, ಅದರ ಮೇಲೆ ಹುರಿದ ಅಣಬೆ, ಈರುಳ್ಳಿ ಸೊಪ್ಪು. ಅಲ್ಲಿ ಮೀನಿನ ಪುಡಿ ಉದುರಿಸುವ ಜಾಗದಲ್ಲಿ ಇಲ್ಲಿ ನಮ್ಮ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. ಎಲ್ಲವನ್ನೂ ತಳದಿಂದ ಮೇಲಕ್ಕೆ ಚೆನ್ನಾಗಿ ಕಲಸಿ ತಿನ್ನಬೇಕು. ಉಳಿದ ಮಸಾಲೆಗೆ ಕೊನೆಯಲ್ಲಿ ಕಡಕ್ ರೊಟ್ಟಿ ಮುರಿದು ಹಾಕಿಕೊಂಡು ಬಟ್ಟಲು ಒರೆಸಬೇಕು.

ರಸ್ಸಾ ಇಲ್ಲದೆ ತುತ್ತು ಇಳಿಯದ ಊರಿನಲ್ಲಿ ಇಂಥ ಅಂಗಡಿ ಇಟ್ಟವನ ಧೈರ್ಯ ಮೆಚ್ಚಬೇಕು. ಮೊದಮೊದಲು ಬಂದವರೆಲ್ಲ ಬಟ್ಟಲು ವಾಲಿಸಿ ನೋಡಿ, “ಸಾರು ಹಾಕೂದು ಮರ್ತೀರಿ” ಎಂದು ವಾಪಸು ಕಳಿಸುತ್ತಿದ್ದರು. ಕೊನೆಗೆ ಓಂಕಾರ ಗೋಡೆಯ ಮೇಲೆ ಮರಾಠಿ, ಕನ್ನಡ ಎರಡರಲ್ಲೂ ಬರೆಸಿ ಹಾಕಿದ: ‘ಸಾರು ಇಲ್ಲ. ಮರೆತಿಲ್ಲ.’

ಸಾರಿಲ್ಲದಿದ್ದರೆ ಎಳೆಯೇ ಎಲ್ಲ. ಯಂತ್ರದ ಎಳೆ ನುಣುಪು, ಮಸಾಲೆ ಅದರ ಮೇಲೆ ನಿಲ್ಲದೆ ತಳ ಸೇರುತ್ತದೆ. ಕೈಯ ಎಳೆಗೆ ಒಂದು ಒರಟುತನ ಇರುತ್ತದೆ, ಮಸಾಲೆ ಅದಕ್ಕೆ ಅಂಟಿ ಬಾಯಿಯ ತನಕ ಬರುತ್ತದೆ. ಹಾಗಾಗಿ ಓಂಕಾರ ಶಾವಿಗೆ ಹೊಸೆಯುವ ಹೆಂಗಸರು ಬೇಕೆಂದು ಬಚತ್ ಗಟದ, ಅಂದರೆ ಉಳಿತಾಯ ಸಂಘದ, ಬಾಯಿಯರಿಗೆ ಹೇಳಿಕಳಿಸಿದ್ದ. ಹೋಟಗಿಯಿಂದ ಮೂವರು ಬಂದರು. ಇಬ್ಬರಿಗೆ ನಸುಕಿನ ಕೆಲಸ ಒಗ್ಗಲಿಲ್ಲ. ಉಳಿದವರು ಮುಕ್ತಾಬಾಯಿ.

ಕುರಿ ಸಾಕುವ ಮನೆಯ ಹೆಣ್ಣುಮಗಳು ಅವರು, ಚಪಳಗಾಂವದಲ್ಲಿ ಬೀರೋಬಾ ದೇವರಿಗೆ ನಡೆದುಕೊಳ್ಳುವ ಮನೆಗೆ ಸೊಸೆಯಾಗಿ ಬಂದವರು. ಗಂಡ ಮರೆಪ್ಪನಿಗೆ ರೈಲು ಹಳಿಯ ಕಂತ್ರಾಟು ಕೆಲಸ ಸಿಕ್ಕ ಮೇಲೆ ಸಂಸಾರ ಹೋಟಗಿಗೆ ಬಂತು. ಹೊಸೆಯುವುದನ್ನು ಕಲಿಸಿದ್ದು ಅತ್ತೆ ಸೋನಾಬಾಯಿ. ಚಪಳಗಾಂವದಲ್ಲಿ ಯಾರ ಮನೆಯ ಲಗ್ನವಿದ್ದರೂ ಶಾವಿಗೆ ಮಣೆಯ ಮುಂದೆ ಮೊದಲು ಕೂರಿಸುತ್ತಿದ್ದದ್ದು ಸೋನಾಬಾಯಿಯನ್ನೇ. “ಅತ್ತಿ ಕಲಸೂಮುಂದ ಬಾಯಿ ಬಿಡತಿದ್ದಿಲ್ರಿ. ಎಳಿ ದಪ್ಪ ಆತಂದ್ರ ಕೈಮ್ಯಾಲ ಒಂದ ಏಟು, ಹರೀತಂದ್ರ ಎರಡು. ಹಂಗ ಕಲ್ತೀನಿ” ಎಂದು ಮುಕ್ತಾಬಾಯಿ ಈಗ ನಗುತ್ತಾರೆ.

ಇಷ್ಟು ಚೆನ್ನಾಗಿ ಕಲಿತದ್ದೇ ಮೊದಲ ದಿನ ಎಡವಟ್ಟಾಯಿತು. ಹಿಟ್ಟು ಕೊಟ್ಟು ಓಂಕಾರ ಬಜಾರಕ್ಕೆ ಹೋದ. ಮುಕ್ತಾಬಾಯಿ ಕೂದಲೆಳೆಯಂತೆ ಸಣ್ಣಗೆ ಹೊಸೆದು, ಮಾಳಿಗೆಯ ಮೇಲೆ ಎರಡು ಖುರ್ಚಿಗಳ ನಡುವೆ ಕೋಲು ಕಟ್ಟಿ, ಅಷ್ಟನ್ನೂ ಬಿಸಿಲಿಗೆ ನೇತುಹಾಕಿದರು. ಸೊಲ್ಲಾಪುರದ ಬಿಸಿಲು ಕೇಳಬೇಕೆ! ಅವನು ತಿರುಗಿ ಬರುವಷ್ಟರಲ್ಲಿ ಎಲ್ಲ ಗರಿಗರಿ ಒಣಗಿತ್ತು. ಅವನಿಗೆ ಬೇಕಾಗಿದ್ದದ್ದು ದಪ್ಪನೆಯ, ಹಸಿಯ ಎಳೆ. “ಶಾವಿಗಿ ಅಂದ ಮ್ಯಾಲ ಒಣಗಸಲಾರ್ದ ಹೆಂಗ ಬಿಡೂದ್ರಿ? ಮಳಿಗಾಲಕ್ಕ ಹುಳ ಬೀಳೂದಿಲ್ಲೇನು?” ಎಂದು ಅವರು ಅವನಿಗೇ ಜೋರು ಮಾಡಿದ್ದರಂತೆ. ಇದನ್ನು ಹೇಳುವಾಗ ಓಂಕಾರನಿಗೆ ನಗೆ ತಡೆಯುವುದಿಲ್ಲ. “ಮುಕ್ತಾ ಮಾವಶಿ ಅವತ್ತ ಸಿಟ್ಟಾಗಿ ಹೊಂಟಿದ್ರು. ನಾನ ಕೈಮುಗದು ನಿಲ್ಲಿಸೀನಿ” ಎನ್ನುತ್ತಾನೆ.

ಆಮೇಲೆ ಅವರು ಹೊಸ ಕೈ ಕಲಿತರು. ದಿನಾ ಹತ್ತು ಕಿಲೋ ಹಿಟ್ಟು, ನೂರರ ಆಸುಪಾಸು ಬಟ್ಟಲು. ಎಳೆ ತೆಗೆದ ಮೇಲೆ ಎರಡೂ ಅಂಗೈಯಲ್ಲಿ ಹಿಡಿದು ಮೆಲ್ಲಗೆ ಹಿಚುಕಿ ಸುಕ್ಕು ಮಾಡುವುದು ಅವರದೇ ಹದ. ಊಟ ಮಾಡಿದವರು ಅಡುಗೆಮನೆಯ ಕಿಂಡಿಯತ್ತ ನೋಡಿ ಕೈ ಎತ್ತುತ್ತಿದ್ದರು. ನಲವತ್ತು ದಾಟಿದ ಹೆಂಗಸಿಗೆ ಅಪರಿಚಿತರು ಹೀಗೆ ಶಾಭಾಸ್ ಹೇಳಿದ್ದು ಅದೇ ಮೊದಲು. ಅದರ ರುಚಿ ಒಮ್ಮೆ ಹತ್ತಿದರೆ ಬಿಡುವುದು ಕಷ್ಟ, ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಈ ವರ್ಷ ಚೈತ್ರದಲ್ಲಿ ಮಾವ ಹಣಮಂತಪ್ಪ ತೀರಿಕೊಂಡರು. ಸೋನಾಬಾಯಿ ಮಗನ ಮನೆಗೆ, ಹೋಟಗಿಗೆ ಬಂದರು. ಇವರ ಮಂದಿಯಲ್ಲಿ ಒಂದು ರಿವಾಜು ಇದೆ. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಶಾವಿಗೆ ಹೊಸೆಯುವಂತಿಲ್ಲ. ತಿನ್ನಬಾರದೆಂದಲ್ಲ, ಬೀಗರು, ನೆರೆಯವರು ಮಾಡಿ ತಂದು ಕೊಡುತ್ತಾರೆ. ಮನೆಯ ಹೆಂಗಸರ ಕೈ ಮಾತ್ರ ಮಣೆ ಮುಟ್ಟಬಾರದು. ಮುಕ್ತಾಬಾಯಿ ಸೂತಕದ ದಿನಗಳು ಕಳೆದ ಮೇಲೆ ಕೆಲಸಕ್ಕೆ ಮರಳಿದ್ದರು. ತಾವು ಮಾಡುವುದು ಶಾವಿಗೆ ಎಂದು ಅವರ ತಲೆಗೇ ಹೊಳೆದಿರಲಿಲ್ಲ. ಸೋನಾಬಾಯಿಯಂತೂ ಸೊಸೆ ಯಾವುದೋ ಹೊಟೇಲಿನಲ್ಲಿ ಚಪಾತಿ ಲಟ್ಟಿಸುತ್ತಾಳೆ ಎಂದುಕೊಂಡಿದ್ದರು. ಶ್ರಾವಣದ ಒಂದು ಸಂಜೆ ಮಗಳು ಕಾಜಲ ಹೆಮ್ಮೆಯಿಂದ ಮೊಬೈಲಿನಲ್ಲಿ ಅಮ್ಮ ಎಳೆ ಹೊಸೆಯುವ ವಿಡಿಯೋ ತೋರಿಸಿದಳು. ಸೋನಾಬಾಯಿ ಅದನ್ನು ಪೂರ್ತಿ ನೋಡಿ, “ವರ್ಷ ತುಂಬಿಲ್ಲಲ್ಲ ಮುಕ್ತಾ” ಎಂದಷ್ಟೇ ಹೇಳಿ ಎದ್ದು ಹೋದರು.

ಬೈದಿದ್ದರೆ ಜಗಳವಾಡಬಹುದಿತ್ತು. “ಮಾವ ನನ್ನ ಸೊಸಿ ಅಂತ ಒಂದ ದಿನ ನೋಡಲಿಲ್ರಿ, ಮಗಳ ಅಂತ ನೋಡಿದ್ರು. ಕುರಿ ಮೇಯ್ಸಿ ಬಂದು, ಮೊದ್ಲ ಮುಕ್ತಾ ಉಂಡಾಳೇನು ಅಂತ ಕೇಳವ್ರು. ಅವರ ಹೆಸರಿಗೆ ನನ್ನಿಂದ ಕಳಂಕ ಬಂತಂದ್ರ ನಾ ಹೆಂಗ ತಡಕೊಳ್ಳಲಿ?” ಎನ್ನುವಾಗ ಮುಕ್ತಾಬಾಯಿಯ ಒನಕೆ ನಿಲ್ಲುತ್ತದೆ. ಮರುದಿನವೇ ಅವರು ಹಿಟ್ಟು ಬಿಟ್ಟರು. ಬಟ್ಟಲು ತೊಳೆಯುವುದು, ಹಿಂಡಿ ಕುಟ್ಟುವುದು, ಓಂಕಾರನಿಗೆ ಬಾಯಲ್ಲಿ ಹೇಳಿಕೊಡುವುದು, ಇಷ್ಟೇ ಈಗಿನ ಕೆಲಸ.

ಓಂಕಾರ ಒಳ್ಳೆಯವನು, ಆದರೆ ಅಂಗಡಿಯವನೂ ಹೌದು. ಅವನು ಹೊಸೆದ ಎಳೆ ಬಟ್ಟಲಿನಲ್ಲೇ ತುಂಡಾಗುತ್ತಿದೆ, ಖಾಯಂ ಗಿರಾಕಿಗಳು ಮುಖ ತೋರಿಸುವುದು ಕಡಿಮೆಯಾಗಿದೆ. ಪುಣೆಯಿಂದ ಯಂತ್ರ ತರಿಸಲು ಮಾತಾಡಿಟ್ಟಿದ್ದಾನೆ, ನಾಳೆ ಹೌದೋ ಅಲ್ಲವೋ ಹೇಳಬೇಕು. ಯಂತ್ರ ಬಂದು ಕೂತರೆ ಬರುವ ಚೈತ್ರದಲ್ಲಿ ವರ್ಷ ತುಂಬಿದ ಮೇಲೂ ಮುಕ್ತಾಬಾಯಿಯ ಕೈಗೆ ಕೆಲಸ ಇರುವುದಿಲ್ಲ. ಮರೆಪ್ಪನನ್ನು ಕೇಳಿದರೆ, “ಇದು ಹೆಂಗಸರ ಮಾತು” ಎಂದು ಜಾರಿಕೊಂಡ. ಕೊನೆಗೆ ಮುಕ್ತಾಬಾಯಿಯೇ ಅತ್ತೆಯ ಮುಂದೆ ಕೂತು, “ಅದು ಶಾವಿಗಿ ಹೌದೋ ಅಲ್ಲೋ ನೀವ ಬಂದು ನೋಡ್ರಿ. ಹೌದಂದ್ರ ಬಿಡತೀನಿ” ಎಂದರು. ಸೋನಾಬಾಯಿ ಎರಡು ದಿನ ಯೋಚಿಸಿ ಒಪ್ಪಿದರು.

ಮಧ್ಯಾಹ್ನ ಸೋನಾಬಾಯಿ ಹೊಟೇಲಿನ ಖುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದಾರೆ. ಓಂಕಾರ ತನ್ನ ಕೈಯಾರೆ ಮಾಡಿದ ಬಟ್ಟಲು ತಂದಿಡುತ್ತಾನೆ. ಬೇರೆಯವರು ಮಾಡಿದ್ದು, ಹಾಗಾಗಿ ತಿನ್ನಲು ಅಡ್ಡಿಯಿಲ್ಲ. “ಸಾರು?” ಎನ್ನುತ್ತಾರೆ ಅಜ್ಜಿ. ಓಂಕಾರ ಗೋಡೆ ತೋರಿಸುತ್ತಾನೆ. ಓದಲು ಬಾರದ ಅಜ್ಜಿ ಗೋಡೆಯನ್ನೂ ಅವನನ್ನೂ ಒಂದೇ ಅನುಮಾನದಿಂದ ನೋಡಿ, ತಿನ್ನಲು ಇಟ್ಟ ಜಪಾನಿ ಕಡ್ಡಿಗಳನ್ನು ಬದಿಗೆ ತಳ್ಳಿ, ಕೈಯಿಂದಲೇ ಕಲಸುತ್ತಾರೆ. ಒಂದು ಎಳೆಯನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿ ನೋಡುತ್ತಾರೆ. ಬಾಯಿಗೆ ಹಾಕಿಕೊಳ್ಳುತ್ತಾರೆ. ಕಿಂಡಿಯ ಆಚೆಯಿಂದ ಮುಕ್ತಾಬಾಯಿ ಒನಕೆ ಬದಿಗಿಟ್ಟು ಇಣುಕುತ್ತಾರೆ.

“ಶಾವಿಗಿನ ಇದು. ಖಾರಾ ಹಾಕಿದ್ರೇನು, ಜಪಾನದಿಂದ ಬಂದ್ರೇನು, ಹಿಟ್ಟು ನಾದಿ ಎಳಿ ತಗದ್ರ ಶಾವಿಗಿನ. ಸುಳ್ಳ ಯಾಕ ಹೇಳ್ಲಿ” ಎನ್ನುತ್ತಾರೆ ಸೋನಾಬಾಯಿ.

ಮುಕ್ತಾಬಾಯಿ ತಲೆ ತಗ್ಗಿಸುತ್ತಾರೆ. ಓಂಕಾರ ಮೊಬೈಲು ಕೈಗೆತ್ತಿಕೊಳ್ಳುತ್ತಾನೆ, ಯಂತ್ರದವನಿಗೆ ಹೇಳಲೆಂದೇ ಇರಬೇಕು. ಅಜ್ಜಿಯ ಗಮನ ಮಾತ್ರ ಪಕ್ಕದ ಮೇಜಿನ ಮೇಲಿದೆ. ಅಲ್ಲಿ ಅಮೋಲ್ ಎಂಬ ಗಿರಾಕಿ ತನ್ನ ಮಗಳು ಸ್ನೇಹಲಳ ಬಟ್ಟಲು ಕಲಸಿಕೊಡುತ್ತಿದ್ದಾನೆ. ಅವನ ಬೋಳಿಸಿದ ತಲೆಯಲ್ಲಿ ಈಗಷ್ಟೇ ಕೂದಲು ಚಿಗುರುತ್ತಿದೆ.

“ಯಾರ ಹೋದ್ರಪ್ಪಾ?” ಎಂದು ಅಜ್ಜಿ ಕೇಳಿಯೇ ಬಿಡುತ್ತಾರೆ.

“ನನ್ನ ಹಡದ ಆಯಿ ರೀ, ಅಜ್ಜಿ. ಹೋದ ತಿಂಗಳ.”

“ಮನ್ಯಾಗ ಶಾವಿಗಿ ಹೊಸಿಯಂಗಿಲ್ಲಲಾ?”

“ನಮ್ಮಲ್ಲೂ ಹಂಗ ಐತ್ರಿ. ಆಯಿ ಪ್ರತಿ ಆಯತ್ವಾರ ಇಕೀಗೆ ಹಾಲಾಗ ಶಾವಿಗಿ ಮಾಡಿಕೊಡತಿದ್ಲು. ಈ ಊರಾಗ ನಮಗ ಹಿಂಗ ತಂದು ಕೊಡವ್ರು ಯಾರೂ ಇಲ್ಲ. ಇಕಿ ಹಟಾ ಮಾಡತಾಳ, ಅದಕ್ಕ ಇಲ್ಲಿಗೆ ಕರಕೊಂಡ ಬಂದೀನಿ.”

ಸ್ನೇಹಲ ಬಟ್ಟಲಿನಿಂದ ಎಳೆ ಎತ್ತುತ್ತಾಳೆ. ಅದು ಅರ್ಧಕ್ಕೇ ತುಂಡಾಗಿ ಬೀಳುತ್ತದೆ. ಮತ್ತೆ ಎತ್ತುತ್ತಾಳೆ, ಮತ್ತೆ ಬೀಳುತ್ತದೆ. ಸೋನಾಬಾಯಿಗೆ ಇದನ್ನು ನೋಡುತ್ತ ಕೂರಲಾಗುವುದಿಲ್ಲ.

“ಮುಕ್ತಾ!” ಅಡುಗೆಮನೆ ನಡುಗುವಂತೆ ಕೂಗುತ್ತಾರೆ. “ಸಾವಾದ ಮನಿಗೆ ಮಂದಿ ಮಾಡಿ ತಂದು ಕೊಡಬೇಕು, ಅದೂ ರಿವಾಜನ ಐತಿ. ಈ ಕೂಸಿಗೆ ಕೊಡವ್ರು ಯಾರು? ಈ ಹುಡುಗ ಮಾಡಿದ್ದು ಹಿಂಗ ಹರದು ಬೀಳತೈತಿ. ನಮ್ಮ ಮನ್ಯಾಗ ಮಣಿ ಇಳಸೂದು ಬ್ಯಾಡ, ವರ್ಷ ತುಂಬ್ಲಿ. ಇದು ನಮ್ಮ ಮನಿ ಅಲ್ಲ. ಮಂದಿ ಮಕ್ಕಳಿಗೆ ಮಾಡು. ನಿಮ್ಮ ಮಾವ ಇದ್ದಿದ್ರ ಅವರೂ ಇದನ್ನ ಅಂತಿದ್ರು. ಕೈ ತೊಳಕೊ, ಏಳು!”

ಮುಕ್ತಾಬಾಯಿ ಕೈ ತೊಳೆಯುತ್ತಾರೆ. ಕಣ್ಣೀರು ಹರಿಯುತ್ತಲೇ ಇದೆ, ಒರೆಸಿಕೊಳ್ಳಲು ಹೋಗುವುದಿಲ್ಲ, ಕೈಗಳು ಆಗಲೇ ಹಿಟ್ಟಿನಲ್ಲಿವೆ. ಓಂಕಾರ ಫೋನು ಜೇಬಿಗಿಳಿಸಿ ಒಲೆಯ ಉರಿ ಏರಿಸುತ್ತಾನೆ. ಹೊಸ ಬಟ್ಟಲು ಸ್ನೇಹಲಳ ಮುಂದೆ ಬರುತ್ತದೆ. ಹುಡುಗಿ ಎಳೆ ಎತ್ತುತ್ತ ಎತ್ತುತ್ತ ಖುರ್ಚಿಯ ಮೇಲೆ ನಿಂತುಬಿಡುತ್ತಾಳೆ, ಎಳೆ ಮಾತ್ರ ಮುಗಿಯುವುದಿಲ್ಲ. ಓಂಕಾರ ಅಜ್ಜಿಗೂ ಒಂದು ತರಲು ಹೊರಟರೆ ಅವರು ಕೈ ಅಡ್ಡ ಹಿಡಿಯುತ್ತಾರೆ. “ನನಗ ಬ್ಯಾಡಪ್ಪಾ. ನಾ ಸಾವಾದ ಮನಿಯಾಕಿ. ನಮ್ಮ ಸೊಸಿ ಕೈಯಾಂದು ನನಗ ವರ್ಷ ತುಂಬಿದ ಮ್ಯಾಲನ” ಎಂದು, ಅವನ ಹರಕು ಎಳೆಗಳನ್ನೇ ರೊಟ್ಟಿಯ ಜೊತೆ ಮುಗಿಸುತ್ತಾರೆ. ಪ್ರತಿ ತುತ್ತಿಗೂ ಒಂದು ತಪ್ಪು ಹುಡುಕಿ ಹೇಳುತ್ತಾರೆ. ಓಂಕಾರ ನಿಂತು ಕೇಳುತ್ತಾನೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮುಕ್ತಾಬಾಯಿ ಕಿಂಡಿಯಿಂದ ಅತ್ತೆಯ ಕಡೆ ನೋಡುತ್ತಾರೆ. ದನಿ ತಗ್ಗಿಸುತ್ತಾರೆ.

“ಚೈತ್ರಕ್ಕ ವರ್ಷ ತುಂಬತೈತ್ರಿ. ಅವತ್ತ ಅತ್ತಿನ್ನ ಇಲ್ಲೆ ಕುಂದ್ರಿಸಿ ನಾ ಹೊಸದದ್ದು ಉಣಸಬೇಕು. ಛಲೋ ಆಗೇತಿ ಅಂತ ಅನ್ನೂದು ಬ್ಯಾಡ್ರಿ, ಅವರು ಅನ್ನೂವ್ರೂ ಅಲ್ಲ. ಸುಮ್ಮನ ಉಂಡು ಎದ್ರ ಸಾಕು, ನನಗ ತಿಳೀತೈತಿ.”