ಇಬ್ಬರು ಬೀಗರು ಮತ್ತು ನೆಲ ಕೊರೆಯುವ ಹೆಗ್ಗಣ

ನಮ್ಮ ಮಾವನವರ ಮೊಬೈಲಿಗೆ ಆ ಆಟವನ್ನು ಹಾಕಿಕೊಟ್ಟವಳು ನಾನೇ. ಆದ್ದರಿಂದ ಮುಂದೆ ನಡೆದದ್ದಕ್ಕೆ ಬೇರೆ ಯಾರನ್ನೂ ದೂರುವಂತಿಲ್ಲ.

ಬನಹಟ್ಟಿಯಲ್ಲಿ ನಮ್ಮದು ನೇಕಾರರ ಮನೆ. ಹಿತ್ತಲಿಗೆ ಹೊಂದಿಕೊಂಡೇ ಪವರ್‌ಲೂಮ್ ಶೆಡ್ಡು. ಮಾವನವರು ಶೆಡ್ಡಿನ ಕಾರಭಾರವನ್ನು ನನ್ನ ಗಂಡನಿಗೆ ಒಪ್ಪಿಸಿ ನಿವೃತ್ತರಾದರೆಂದು ಓಣಿಯೆಲ್ಲ ನಂಬಿತ್ತು. ಅವರು ಮಾತ್ರ ನಂಬಿರಲಿಲ್ಲ. ಬೆಳಗಿನ ಚಹಾ ಮುಗಿಯುತ್ತಲೇ ಶೆಡ್ಡಿಗೆ ನುಗ್ಗಿ, ಸೀರೆಯ ದಡಿ ಹಿಂಗ್ಯಾಕ, ಈ ಬಣ್ಣ ಯಾರು ಹೇಳಿದರು ಎಂದು ಎಲ್ಲರನ್ನೂ ಕಾಡುತ್ತಿದ್ದರು. ಮಗ್ಗದ ಸದ್ದಿನಲ್ಲಿ ಯಾರಿಗೂ ಅವರ ಮಾತು ಕೇಳಿಸುತ್ತಿರಲಿಲ್ಲ. ಕೇಳಿಸದ್ದಕ್ಕೆ ಅವರು ಇನ್ನೂ ಜೋರಾಗಿ ಒದರುತ್ತಿದ್ದರು.

ಒಂದು ದಿನ ನನ್ನ ಗಂಡ ಅಡುಗೆಮನೆಗೆ ಬಂದು, "ಅಪ್ಪಗ ಏನರೆ ಒಂದ ಉದ್ಯೋಗ ಹಚ್ಚ. ಇಲ್ಲಂದ್ರ ನಾ ಊರ ಬಿಟ್ಟ ಹೊಕ್ಕೇನಿ" ಎಂದ.

ನಾನು ಚಿಮ್ಮಡದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕೈಗೆ ಕೆಲಸ ಕೊಟ್ಟರೆ ಗದ್ದಲ ನಿಲ್ಲುತ್ತದೆ ಎಂಬುದು ನನ್ನ ವೃತ್ತಿಯ ಮೊದಲ ಪಾಠ. ಮಾವನವರಿಗೆ ಕೋಟೆ ಕಾಯುವ ಒಂದು ಆಟ ಹಾಕಿಕೊಟ್ಟೆ. ವೈರಿಗಳ ದಂಡು ಸುತ್ತಿ ಬಳಸಿದ ದಾರಿಯಲ್ಲಿ ನಮ್ಮ ಕೋಟೆಯ ಬಾಗಿಲಿಗೆ ಬರುತ್ತದೆ. ದಾರಿಯ ಪಕ್ಕದಲ್ಲಿ ನಾವು ನಾಣ್ಯ ಕೊಟ್ಟು ಬುರುಜು ಕಟ್ಟಬೇಕು, ಬೇಡವಾದದ್ದನ್ನು ಮಾರಿ ನಾಣ್ಯ ವಾಪಸು ಪಡೆಯಬಹುದು. ಒಂದರಿಂದ ಬಾಣ ಹಾರುತ್ತದೆ, ಇನ್ನೊಂದರಿಂದ ತೋಪಿನ ಗುಂಡು. ದಂಡು ಬಾಗಿಲು ಮುಟ್ಟುವ ಮೊದಲೇ ಎಲ್ಲರನ್ನೂ ಕೆಡವಿದರೆ ಮುಂದಿನ ಹಂತ. ಇಷ್ಟೇ.

ಮಾವನವರಿಗೆ ಇದು ಹಿಡಿಸಿದ ಬಗೆ ನೋಡಿ ನನಗೇ ಹೆದರಿಕೆಯಾಯಿತು. ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತರೆ ಊಟಕ್ಕೂ ಏಳಲೊಲ್ಲರು. ಶೆಡ್ಡಿನಲ್ಲಿ ಶಾಂತಿ ನೆಲೆಸಿತು. ಸೀರೆಗೆ ಯಾವ ಬಣ್ಣದ ದಡಿ ಬಂದರೂ ಕೇಳುವವರಿಲ್ಲ.

ಅಷ್ಟರಲ್ಲಿ ಜಮಖಂಡಿಯಿಂದ ನನ್ನ ಅಪ್ಪ ಬಂದ. ಅಪ್ಪ ಹೊಲಗದ್ದೆ ಅಳೆಯುವ ಸರ್ವೆ ಕೆಲಸದಲ್ಲಿದ್ದು ನಿವೃತ್ತನಾದವನು. ಬೀಗರ ಮೊಬೈಲಿನಲ್ಲಿ ದಾರಿ, ತಿರುವು, ಕಟ್ಟಡಗಳನ್ನು ನೋಡಿ ಅವನ ಕಣ್ಣು ಮಿಂಚಿದವು. ಹೋಗುವಾಗ ನನ್ನ ಕೈಲಿ ಅದೇ ಆಟವನ್ನು ತನ್ನ ಮೊಬೈಲಿಗೂ ಹಾಕಿಸಿಕೊಂಡು ಹೋದ. ಅಲ್ಲಿಂದ ಶುರುವಾಯಿತು.

ಸಂಜೆಯಾದರೆ ಬೀಗರಿಬ್ಬರ ನಡುವೆ ಫೋನು. ಕ್ಷೇಮ ಸಮಾಚಾರ ಒಂದು ಉಸಿರಿನಲ್ಲಿ ಮುಗಿಯುತ್ತಿತ್ತು. "ಎಲ್ಲಾರೂ ಅರಾಮ ಅದಾರ್ರಿ. ನೀವು ಎಷ್ಟನೇದ್ದಕ್ಕ ಬಂದ್ರಿ?" ಒಬ್ಬರು ಒಂದು ಹಂತ ಮುಂದೆ ಹೋದರೆ ಇನ್ನೊಬ್ಬರಿಗೆ ಅನ್ನ ಸೇರುತ್ತಿರಲಿಲ್ಲ.

ಹೀಗಿರುವಾಗ ಹೆಗ್ಗಣ ಬಂತು.

ಆಟದಲ್ಲಿ ಅದಕ್ಕೆ ಬೇರೇನೋ ಹೆಸರಿತ್ತು. ಹೆಗ್ಗಣ ಎಂದು ಕರೆದವರು ಮಾವನವರು. ಗುದ್ದಲಿಯಂಥ ಕೈ, ತಲೆಯ ಮೇಲೆ ಕಬ್ಬಿಣದ ಟೊಪ್ಪಿಗೆ, ಕುಡಿದವನಂತೆ ಓಲಾಡುತ್ತ ನಡೆಯುವ ಡೊಳ್ಳುಹೊಟ್ಟೆಯ ಪ್ರಾಣಿ. ಒಂದು ಏಟು ತಗಲಿದ್ದೇ ತಡ, ಮಣ್ಣು ಚಿಮ್ಮಿಸಿ ನೆಲದೊಳಗೆ ಇಳಿದುಬಿಡುತ್ತಿತ್ತು. ಒಳಗಿರುವಾಗ ಬಾಣವೂ ಇಲ್ಲ, ಗುಂಡೂ ಇಲ್ಲ. ಬುರುಜುಗಳೆಲ್ಲ ಕಣ್ಣು ಕಟ್ಟಿದಂತೆ ನಿಲ್ಲುತ್ತಿದ್ದವು. ಆಮೇಲೆ ದೂರದಲ್ಲಿ, ಕೋಟೆಯ ಬಾಗಿಲ ಹತ್ತಿರ ಎದ್ದು, ಮೈಕೊಡವಿ, ಒಳಗೆ ಹೋಗುತ್ತಿತ್ತು. ಹೋಗುವ ಮುಂಚೆ ನಮ್ಮ ಕಡೆ ತಿರುಗಿ ಹಲ್ಲು ಕಿಸಿಯುತ್ತಿತ್ತು. ಆ ಹಲ್ಲು ಕಿಸಿಯುವುದೇ ಮಾವನವರನ್ನು ಕೆರಳಿಸಿದ್ದು.

"ನನ್ನ ನೋಡಿ ನಗತೈತಿ ನೋಡ ಇದು! ಇದರ ಹೊಟ್ಟಿ ಒಡದ ಹೋಗ್ಲಿ!"

ಒಳಗಿನಿಂದ ಅತ್ತೆ, "ಓಣ್ಯಾಗ ಮಂದಿ ಅದಾರ. ಯಾರಿಗೆ ಬೈಯಾಕತ್ತೀರಿ ಅಂತ ಕೇಳ್ಯಾರು" ಎಂದರು.

ಮಾವನವರ ಯುದ್ಧನೀತಿ ಒಂದೇ. ವೈರಿಯನ್ನು ಊರ ಹೊರಗಿನ ಅಗಸಿಯಲ್ಲೇ ತಡೆಯಬೇಕು. ಇದ್ದಬದ್ದ ತೋಪುಗಳನ್ನೆಲ್ಲ ದಾರಿಯ ಮೊದಲಲ್ಲೇ ಸಾಲಾಗಿ ನಿಲ್ಲಿಸುತ್ತಿದ್ದರು. ಹೆಗ್ಗಣ ಬರುತ್ತಿತ್ತು, ಒಂದು ಗುಂಡು ತಿನ್ನುತ್ತಿತ್ತು, ಅಷ್ಟೂ ತೋಪುಗಳ ಕೆಳಗಿಂದ ದಾಟಿ ಹೋಗುತ್ತಿತ್ತು. ಮಾವನವರು ಇನ್ನೊಂದು ತೋಪು ಕೂಡಿಸುತ್ತಿದ್ದರು.

ಆ ಸಂಜೆ ಅಪ್ಪನ ಫೋನು ಬಂತು. ನಾನು ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತ ಕುಳಿತಿದ್ದೆ. ಸ್ಪೀಕರಿನಲ್ಲಿ ಎಲ್ಲವೂ ಕೇಳುತ್ತಿತ್ತು.

"ಬೀಗ್ರ, ಆ ನೆಲಾ ಕೊರಿಯೂದು ಬಂತೇನ್ರಿ ನಿಮಗ?" ಅಪ್ಪ ಕೇಳಿದ.

ಮಾವನವರು, "ಅದನ್ರಿ? ಅದು ಆತಲ್ಲರಿ. ದಾಟಿ ಮುಂದ ಬಂದೇನಿ" ಎಂದರು.

ನಾನು ಬಿಡಿಸುತ್ತಿದ್ದ ಕಾಯಿಯನ್ನು ಹಾಗೇ ಹಿಡಿದುಕೊಂಡು ಅವರ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ.

"ಹೌದನ್ರಿ? ನಾನೂ ದಾಟೇನ್ರಿ" ಎಂದ ಅಪ್ಪ. "ಮುಂದಿಂದು ಹೆಂಗ ಅನಸ್ತು ನಿಮಗ?"

"ಮುಂದಿಂದು... ಭಾಳ ಕಠಿಣ ಐತ್ರಿ. ಅಲ್ಲೊಂದು ಹಾರೂ ಎಮ್ಮಿ ಬರತೈತಿ ನೋಡ್ರಿ."

ಆ ಕಡೆಯಿಂದ ಅಪ್ಪ ಒಮ್ಮೆ ಕೆಮ್ಮಿದ. ಆಮೇಲೆ, "ಹೌದ್ರಿ ಹೌದ್ರಿ, ಆ ಎಮ್ಮಿ! ಭಾಳ ತ್ರಾಸ ಕೊಟ್ಟತ್ರಿ ನನಗೂ. ಕ್ವಾಡಿನಿಂದ ಬೆಂಕಿ ಬ್ಯಾರೆ ಬಿಡತೈತಿ" ಎಂದ.

ಮಾವನವರು ಬೆಚ್ಚಿದರು. ತಾವು ಹುಟ್ಟಿಸಿದ ಎಮ್ಮೆಯ ಕೋಡಿಗೆ ಬೀಗರು ಬೆಂಕಿ ಹಚ್ಚಿದ್ದರು. ಹಾಗಾದರೆ ಅಂಥ ಎಮ್ಮೆ ಖರೆಯೇ ಇದ್ದೀತು, ಬೀಗರು ನಿಜವಾಗಿಯೂ ದಾಟಿದ್ದಾರೆ ಎಂದು ಅವರಿಗೆ ಅನ್ನಿಸಿತು. ಫೋನು ಇಟ್ಟವರೇ ನನ್ನ ಕಡೆ ತಿರುಗಿದರು.

"ತಂಗೀ, ಈ ಐತವಾರ ನಿಮ್ಮ ಅಪ್ಪಾರ ಮನಿಗೆ ಹೋಗಿ ಬರ್ತೀಯೇನ? ಭಾಳ ದಿನಾ ಆತು ನೀ ಹೋಗಿ."

ನನ್ನ ಮದುವೆಯಾದಂದಿನಿಂದ ಮಾವನವರು ತಾವಾಗಿ ನನ್ನನ್ನು ತವರಿಗೆ ಕಳಿಸಿದ್ದು ಅದೇ ಮೊದಲು. ಹೊರಡುವಾಗ ಬಾಗಿಲವರೆಗೂ ಬಂದು ಮೆಲ್ಲಗೆ, "ಸಹಜ ಕೇಳಿಧಂಗ ಕೇಳ. ತೋಪು ಎಲ್ಲಿ ಇಟ್ಟಾರ ಅಂತ ನೋಡ್ಕೊಂಡ ಬಾ" ಎಂದರು.

ಜಮಖಂಡಿಯ ಮನೆಯಲ್ಲಿ ಅಪ್ಪ ಮೊಬೈಲನ್ನು ಮೇಜಿನ ಮೇಲೆ ಮಲಗಿಸಿ, ಅದರ ಮೇಲೆ ನೂಲು ಹಿಡಿದು ಏನೋ ಅಳೆಯುತ್ತಿದ್ದ. ಪಕ್ಕದಲ್ಲಿ ಅಡಿಪಟ್ಟಿ. ನನ್ನನ್ನು ಕಂಡವನೇ ನೂಲು ಮುಚ್ಚಿಟ್ಟ. ಅವ್ವ ನನ್ನ ಕೈಗೆ ನೀರಿನ ತಂಬಿಗೆ ಕೊಡುವ ಮೊದಲೇ, "ನಿಮ್ಮ ಮಾವಾರು ಆ ನೆಲಾ ಕೊರಿಯೂದನ್ನ ಹೆಂಗ ಹೊಡದ್ರವಾ?" ಎಂದು ಕೇಳಿದ.

"ನೀವು ದಾಟೀರಂತಲ್ಲಪ್ಪಾ?"

"ನಾ ಎಲ್ಲಿ ದಾಟಿನಿ? ಅವ್ರು ದಾಟೇನಂದ್ರು, ನಾನೂ ಅಂದೆ. ಬೀಗರ ಮುಂದ ತಗ್ಗತಾರೇನು?"

"ಮತ್ತ ಆ ಎಮ್ಮಿ, ಕ್ವಾಡಿನ ಬೆಂಕಿ?"

"ಅವ್ರು ಎಮ್ಮಿ ಐತಿ ಅಂದ್ರು. ಬರೇ ಹಾರಿದ್ರ ಸಾಲೂದಿಲ್ಲಾ ಅಂತ ನಾ ಒಂದೀಟ ಬೆಂಕಿ ಕೂಡಿಸಿದ್ನಿ."

ನಾನು ನಕ್ಕೂ ನಕ್ಕೂ ತಂಬಿಗೆಯ ನೀರನ್ನು ಮೈಮೇಲೆ ಚೆಲ್ಲಿಕೊಂಡೆ. ಅಪ್ಪನಿಗೆ ನಗು ಬರಲಿಲ್ಲ. ಹೆಗ್ಗಣ ನೆಲದೊಳಗೆ ಎಷ್ಟು ದೂರ ಹೋಗುತ್ತದೆಂದು ಅವನು ನೂಲಿನಿಂದ ಅಳೆದಿದ್ದ. ಪ್ರತಿ ಸಲವೂ ಅಷ್ಟೇ ದೂರ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದ. ಆ ಅಳತೆಯಿಂದ ಏನು ಮಾಡಬೇಕೆಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ. "ಅಳದ ಕೊಡೂದಷ್ಟ ನಮ್ಮ ಕೆಲಸಾ ಇತ್ತು. ಮುಂದಿಂದ ಸಾಹೇಬರು ನೋಡ್ತಿದ್ರು" ಎಂದ ಬೇಜಾರಿನಿಂದ. ನಾನು ಹೊರಡುವಾಗ ಅವನೂ ಬಾಗಿಲವರೆಗೆ ಬಂದು ಮೆಲ್ಲಗೆ, "ಸಹಜ ಕೇಳಿಧಂಗ ಕೇಳು" ಎಂದ.

ಎರಡೂ ಕಡೆಯ ಗೂಢಚಾರಿಣಿಯಾಗಿ ನಾನು ಬಸ್ಸು ಹತ್ತಿದೆ. ಕಬ್ಬು ಕಡಿಯುವ ಕಾಲ. ನಮ್ಮ ಮುಂದೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆಯುತ್ತ, ದಾರಿಯೆಲ್ಲ ತನ್ನದೇ ಎಂಬಂತೆ ಹೋಗುತ್ತಿತ್ತು. ಬಸ್ಸು ಅದರ ಹಿಂದೆ ತೆವಳುತ್ತಿತ್ತು. ಮಾಡಲು ಬೇರೆ ಕೆಲಸವಿಲ್ಲದೆ ನನ್ನ ಮೊಬೈಲು ತೆಗೆದೆ. ಇವರಿಬ್ಬರ ಕಾಟಕ್ಕೆ ನಾನೂ ಆ ಆಟವನ್ನು ಕದ್ದು ಆಡುತ್ತಿದ್ದೆ, ನಾನೂ ಅದೇ ಹೆಗ್ಗಣದ ಹತ್ತಿರ ನಿಂತಿದ್ದೆ ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

ಮಾವನವರಂತೆಯೇ ದಾರಿಯ ಮೊದಲಲ್ಲಿ ತೋಪು ಇಟ್ಟಿದ್ದೆ. ಅಷ್ಟರಲ್ಲಿ ಬಸ್ಸು ಒಂದು ತಗ್ಗಿಗೆ ಇಳಿದು ಹಾರಿತು. ನನ್ನ ಹೆಬ್ಬೆರಳು ಎಲ್ಲೋ ಒತ್ತಿತು, ಮೊದಲ ತೋಪು ಮಾರಾಟವಾಗಿಹೋಯಿತು. ಗಾಬರಿಯಲ್ಲಿ ಇನ್ನೊಂದು ಕಡೆ ಒತ್ತಿದೆ, ಎರಡನೆಯದೂ ಹೋಯಿತು. ಅಲ್ಲಿ ಉಳಿದದ್ದು ಒಂದೇ ಒಂದು ಬಡಕಲು ಬಾಣದ ಬುರುಜು. ಬಂದ ನಾಣ್ಯದಲ್ಲಿ, ಇನ್ನು ಬಾಗಿಲ ಬಳಿಯಾದರೂ ಹೊಡೆಯೋಣವೆಂದು, ಕೊನೆಯ ತಿರುವಿನ ಸುತ್ತ ತೋಪುಗಳನ್ನು ಒತ್ತೊತ್ತಾಗಿ ಕಟ್ಟಿದೆ.

ಹೆಗ್ಗಣ ಬಂತು. ಬಡಕಲು ಬುರುಜು ಒಂದು ಬಾಣ ಬಿಟ್ಟಿತು. ಅದು ತಾಗಿದರೆ ಸೊಳ್ಳೆ ಕಚ್ಚಿದಷ್ಟೂ ಅಲ್ಲ. ಆದರೂ ಹೆಗ್ಗಣ ದಡಬಡಿಸಿ ನೆಲದೊಳಗೆ ಇಳಿಯಿತು. ಅಪ್ಪ ನೂಲಿನಿಂದ ಅಳೆದಿದ್ದನಲ್ಲ, ಸರಿಯಾಗಿ ಅಷ್ಟೇ ದೂರ ಹೋಗಿ ಎದ್ದಿತು. ಎದ್ದದ್ದು ನನ್ನ ತೋಪುಗಳ ನಟ್ಟನಡುವೆ. ಹಲ್ಲು ಕಿಸಿಯಲು ಬಾಯಿ ತೆರೆದಿತ್ತು, ತೋಪುಗಳೆಲ್ಲ ಒಮ್ಮೆಗೇ ಸಿಡಿದು ಮುಚ್ಚಲು ಬಿಡಲಿಲ್ಲ.

ಅದನ್ನು ಮುಳುಗದಂತೆ ತಡೆಯುವುದು ಆಗದ ಮಾತು. ನಮಗೆ ಬೇಕಾದ ಜಾಗದಲ್ಲಿ ಹೆದರಿಸಿ ಮುಳುಗಿಸಬೇಕು, ಏಳುವ ಜಾಗದಲ್ಲಿ ಕಾದು ಕೂರಬೇಕು. ನಾನು "ಹೋತು!" ಎಂದು ಕೂಗಿಬಿಟ್ಟೆ. ಪಕ್ಕದಲ್ಲಿದ್ದ ಅಜ್ಜಿ, "ಏನ ಹೋತಬೇ, ಪರ್ಸ ಹೋತೇನ?" ಎಂದು ಸೀಟಿನ ಕೆಳಗೆಲ್ಲ ಹುಡುಕಿಕೊಟ್ಟಳು.

ಮನೆಗೆ ಬಂದಾಗ ಮಾವನವರು ಕಟ್ಟೆಯ ಮೇಲೆ ಕಾಯುತ್ತಿದ್ದರು. ಏನು ಹೇಳಲಿ? ಅಪ್ಪ ದಾಟಿಲ್ಲ ಎಂದರೆ ಅಪ್ಪನ ಮಾನ ಹೋಗುತ್ತದೆ. ದಾಟಿದ್ದಾನೆ ಎಂದರೆ ಮಾವನವರಿಗೆ ನಿದ್ದೆ ಬರುವುದಿಲ್ಲ. ಕೊನೆಗೆ ಅತ್ತೆಯ ಹತ್ತಿರ ಎಲ್ಲವನ್ನೂ ಹೇಳಿದೆ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕರು. "ಬೀಗರನ್ನ ಊಟಕ್ಕ ಕರೀ. ನಾ ನೋಡ್ಕೋತೇನಿ" ಎಂದರು.

ಮುಂದಿನ ಭಾನುವಾರ ಅಪ್ಪ, ಅವ್ವ ಇಬ್ಬರೂ ಬಂದರು. ಶೇಂಗಾ ಹೋಳಿಗೆಯ ಊಟವಾಯಿತು. ಎಲೆ ಅಡಿಕೆ ಹಾಕಿಕೊಂಡು ಬೀಗರಿಬ್ಬರೂ ಕಟ್ಟೆಯ ಮೇಲೆ ಕುಳಿತಾಗ ಅತ್ತೆ ಹೊರಗೆ ಬಂದು, "ಅದೇನೋ ಹಾರೂ ಎಮ್ಮಿ ಐತಂತಲ್ರಿ. ನಾವೂ ನೋಡ್ತೇವಿ, ತೋರಸ್ರಿ" ಎಂದರು.

"ಬೀಗ್ರು ತೋರಸ್ತಾರ" ಎಂದರು ಮಾವನವರು.

"ಛೇ ಛೇ, ನೀವು ಹಿರ್ಯಾರು. ಮೊದ್ಲ ನೀವ ತೋರಸಬೇಕ್ರಿ" ಎಂದ ಅಪ್ಪ.

"ನೀವು ನಮ್ಮನಿಗೆ ಬಂದವರು. ಮೊದಲ ಮಾನ ನಿಮ್ದು."

"ಮನಿ ಯಜಮಾನ್ರು ಇರೂಮುಂದ ನಾ ಹೆಂಗ ತೋರಸ್ಲಿರಿ?"

ಮದುವೆಯಲ್ಲೂ ಇಬ್ಬರು ಇಷ್ಟೊಂದು ಮರ್ಯಾದೆ ಕೊಟ್ಟುಕೊಂಡದ್ದನ್ನು ನಾನು ಕಂಡಿರಲಿಲ್ಲ. ಅತ್ತೆ ಬೇಸತ್ತು ಇಬ್ಬರ ಮೊಬೈಲನ್ನೂ ಕಸಿದುಕೊಂಡು ನನ್ನ ಕೈಗೆ ಕೊಟ್ಟರು. ಎರಡನ್ನೂ ತೆರೆದು ಅಕ್ಕಪಕ್ಕ ಹಿಡಿದೆ. ಎರಡರಲ್ಲೂ ಅದೇ ಹಂತ, ಅದೇ ಟೊಪ್ಪಿಗೆ, ಅದೇ ಡೊಳ್ಳುಹೊಟ್ಟೆ.

ಮಾವನವರು ಅಪ್ಪನನ್ನು ನೋಡಿದರು. ಅಪ್ಪ ಮಾವನವರನ್ನು ನೋಡಿದ.

"ಮತ್ತ ಕ್ವಾಡಿನ ಬೆಂಕಿ?" ಮಾವನವರು ಕೇಳಿದರು.

"ಎಮ್ಮಿ ನಿಮ್ದ ಅಲ್ಲೇನ್ರಿ?" ಎಂದ ಅಪ್ಪ.

ಮೊದಲು ನಕ್ಕವರು ಮಾವನವರು. ಎಲೆ ಅಡಿಕೆ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಅಪ್ಪ ಬೆನ್ನು ತಟ್ಟುತ್ತ ತಾನೂ ನಗತೊಡಗಿದ. ಅವ್ವ, "ಈ ವಯಸ್ಸಿನ್ಯಾಗ ಎಮ್ಮಿ ಹಾರಸಾಕ ಹೋಗ್ಯಾರ ನೋಡ" ಎಂದಳು.

ಇದೇ ಹೊತ್ತೆಂದು ನಾನು, "ಆ ಹಂತ ನಾ ದಾಟೇನ್ರಿ. ಮುಂದ ಎಮ್ಮಿ ಗಿಮ್ಮಿ ಏನಿಲ್ಲ, ಛತ್ರಿ ಹಿಡಕೊಂಡ ಸಿಪಾಯಿಗಳು ಬರ್ತಾರ" ಎಂದೆ. ನಗು ಒಮ್ಮೆಲೇ ನಿಂತಿತು. ತಾವು ಸುಳ್ಳಾಡಿದ್ದಕ್ಕಿಂತ ನಾನು ಗೆದ್ದು ಸುಮ್ಮನಿದ್ದದ್ದು ದೊಡ್ಡ ಅಪರಾಧವೆಂಬಂತೆ ಇಬ್ಬರೂ ಒಂದಾದರು. ಹೇಗೆಂದು ಹೇಳಲು ಬಾಯಿ ತೆರೆದರೆ, "ಹೇಳಬ್ಯಾಡ! ನಾವ ನೋಡ್ತೇವಿ" ಎಂದು ಮಾವನವರು ಕೈ ಅಡ್ಡ ಹಿಡಿದರು. ಅಪ್ಪ ಕಿಸೆಯಿಂದ ನೂಲು ತೆಗೆದ.

ಮಧ್ಯಾಹ್ನವೆಲ್ಲ ಕಟ್ಟೆಯಲ್ಲಿ ಯುದ್ಧ. ನಾನು ಬಾಗಿಲಲ್ಲಿ ನಿಂತು ತುಟಿ ಕಚ್ಚಿಕೊಂಡು ನೋಡುತ್ತಿದ್ದೆ. ಮಾವನವರು ಮೊದಲಲ್ಲಿ ತೋಪು ಇಡುವುದು, ಅಪ್ಪ ನೂಲು ಹಿಡಿದು ಹೆಗ್ಗಣ ಏಳುವ ಜಾಗಕ್ಕೆ ಬೆರಳಿಡುವುದು. ಒಮ್ಮೆ ಅಪ್ಪನ ಬೆರಳು ಅಲ್ಲೇ ನಿಂತಿತು. ಮಾವನವರು ಆ ಬೆರಳನ್ನೇ ಬಹಳ ಹೊತ್ತು ನೋಡಿದರು.

"ಬೀಗ್ರ, ತೋಪೆಲ್ಲಾ ಇಲ್ಲೇ ಇಟ್ರ ಹೆಂಗ್ರಿ? ಅಲ್ಲಿ ದಾರಿ ಸುರುವಿಗೆ ಯಾರರೆ ಒಬ್ಬಾಂವ ಚಿವುಟಿದ್ರ ಸಾಕಲ್ಲ?" ಎಂದರು ಮಾವನವರು.

ಹೆಗ್ಗಣ ಸತ್ತಾಗ ಅವರಿಬ್ಬರೂ ಹಾಕಿದ ಕೇಕೆಗೆ ಶೆಡ್ಡಿನಲ್ಲಿದ್ದ ನನ್ನ ಗಂಡ ಮಗ್ಗ ನಿಲ್ಲಿಸಿ ಓಡಿ ಬಂದ. ಯಾರಿಗೋ ಏನೋ ಆಯಿತೆಂದು ಪಕ್ಕದ ಮನೆಯವರೂ ಬಂದರು. ಬಂದವರಿಗೆಲ್ಲ ಅತ್ತೆ ಚಹಾ ಕೊಟ್ಟರು.

ಸಂಜೆ ಜಮಖಂಡಿಯ ಬಸ್ಸಿನ ಹೊತ್ತಾಯಿತು. ಅವ್ವ ಚೀಲ ಹಿಡಿದು ಬಾಗಿಲಲ್ಲಿ ನಿಂತು ಕರೆದಳು. "ಬಂದ್ನಿ, ಈ ಛತ್ರಿಯವ್ರನ್ನಷ್ಟ ಮುಗಿಸಿ ಬಂದ್ನಿ" ಎಂದ ಅಪ್ಪ. ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ. ಅವ್ವ ಇನ್ನೊಮ್ಮೆ ಕರೆಯಲಿಲ್ಲ. ನನ್ನ ಗಂಡನ ಗಾಡಿಯ ಹಿಂದೆ ಕುಳಿತು ಬಸ್‌ ಸ್ಟ್ಯಾಂಡಿಗೆ ಹೊರಟೇಬಿಟ್ಟಳು. ಸ್ವಲ್ಪ ಹೊತ್ತಿಗೆ ಬಸ್ಸಿನಿಂದ ಫೋನು ಮಾಡಿದಳು.

"ಕಿಡಕಿ ಸೀಟ ಸಿಕ್ಕೈತಿ, ಅರಾಮ ಕುಂತೇನಿ. ನಿಮ್ಮ ಅಪ್ಪನ್ನ ಒಂದ ವಾರ ಅಲ್ಲೇ ಇಟಗೋ. ನಾನೂ ಒಂದೀಟ ಅರಾಮ ಇರ್ತೇನಿ."