ರುಚಿ ನೋಡದೆ ಕೊಟ್ಟ ಹರಳು

ನಾನು ಓದಿದ್ದು ಏಳನೇ ತರಗತಿಯವರೆಗೆ. ಯಾರೂ ನನ್ನನ್ನು ಶಾಲೆ ಬಿಡಿಸಲಿಲ್ಲ. ನಾನೇ ಬಿಟ್ಟು ಅಪ್ಪನ ದಿನಸಿ ಅಂಗಡಿಯಲ್ಲಿ ಕುಳಿತೆ. ತಂಗಿ ಓದಿದಳು, ಈಗ ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ ಕೆಲಸದಲ್ಲಿದ್ದಾಳೆ. ಹೋದ ವರ್ಷ ಮೂರು ತಿಂಗಳು ಅವಳ ಮನೆಯಲ್ಲಿದ್ದೆ. ಆಗ ನಾನು ಮಾಡಿದ ಒಂದು ತಪ್ಪನ್ನೂ ಅದಕ್ಕಿಂತ ಕೆಟ್ಟದಾದ ಒಂದು ಮಾತನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಆ ದಿನ ತಂಗಿಯ ಮಗುವಿನ ಡಾಗಿಸ್‌ಗೆ ರಜೆ. ಅಲ್ಲಿ ಶಿಶುವಿಹಾರಕ್ಕೆ ಹಾಗೆನ್ನುತ್ತಾರೆ. ತಂಗಿಯ ಗಂಡ ಬೇರೆ ಊರಿಗೆ ಹೋಗಿದ್ದ, ಅವಳಿಗೆ ಆಫೀಸು. ನಾಲ್ಕು ವರ್ಷದ ಮಗಳನ್ನು ನನ್ನ ಕೈಗೆ ಕೊಟ್ಟು ಬೂಟು ಹಾಕಿಕೊಳ್ಳುತ್ತಾ ಕೇಳಿದಳು:

"ಅಕ್ಕ, ಮೊನ್ನೆ ಹೋಗಿದ್ವಲ್ಲ ಹಳೇ ಊರು, ಅಲ್ಲಿಗೇ ಹೋಗ್ಬನ್ನಿ. ಬೋರ್ಡೆಲ್ಲ ಓದ್ಕೋತೀಯಾ ತಾನೆ?"

"ಹೋಗೇ, ಎರಡು ತಿಂಗಳಾಯ್ತು ಬಂದು. ಅಷ್ಟೂ ಬರಲ್ವಾ ನಂಗೆ?"

ಬರುತ್ತಿರಲಿಲ್ಲ. ಬಸ್ಸಿನ ನಂಬರು ನೋಡಿ ಹತ್ತುತ್ತಿದ್ದೆ, ಅಷ್ಟೇ.

ಹಳೇ ಊರು ಎಂದರೆ ನೂರು ವರ್ಷದ ಹಿಂದಿನ ಪೇಟೆಬೀದಿಯನ್ನು ಹಾಗೆಯೇ ಉಳಿಸಿಕೊಂಡಿರುವ ಜಾಗ. ಮರದ ಮನೆಗಳು, ಕಲ್ಲು ಹಾಸಿದ ದಾರಿ, ಒಂದು ಬೇಕರಿ, ಮೂಲೆಯಲ್ಲಿ ಒಂದು ದಿನಸಿ ಅಂಗಡಿ. ಅಂಗಡಿಯ ಬಾಗಿಲು ದಾಟಿದ ಕೂಡಲೇ ನನಗೆ ಮೈ ಜುಂ ಎಂದಿತು. ಸವೆದ ಮರದ ಕಟ್ಟೆ, ಹಿತ್ತಾಳೆಯ ತಕ್ಕಡಿ, ಸಾಲಾಗಿ ತೂಕದ ಬಟ್ಟುಗಳು, ಸೂರಿನಿಂದ ಇಳಿಬಿದ್ದ ದಾರದ ಉಂಡೆ, ಗೋಡೆ ತುಂಬ ಸಣ್ಣ ಸಣ್ಣ ಖಾನೆಗಳು. ಉಪ್ಪುಮೀನಿನ ಪೀಪಾಯಿ ನಮ್ಮಲ್ಲಿರಲಿಲ್ಲ, ಇಂಗಿನ ವಾಸನೆ ಇಲ್ಲಿರಲಿಲ್ಲ. ಉಳಿದದ್ದೆಲ್ಲ ಅಪ್ಪನ ಅಂಗಡಿಯೇ.

ಉದ್ದ ಲಂಗದ ಮೇಲೆ ಬಿಳಿ ಏಪ್ರನ್ ಕಟ್ಟಿದ್ದ ಹೆಂಗಸೊಬ್ಬಳು ಕಟ್ಟೆಯ ಹಿಂದೆ ನಿಂತು, ಆ ಕಾಲದಲ್ಲಿ ವ್ಯಾಪಾರ ಹೇಗಿತ್ತೆಂದು ತೋರಿಸುತ್ತಿದ್ದಳು. ಹತ್ತು ಹನ್ನೆರಡು ಜನ ನೋಡುತ್ತಿದ್ದರು. ಕಾಗದ ಸುತ್ತಿ ಪೊಟ್ಟಣ ಕಟ್ಟಲು ಅವಳು ಪಡುತ್ತಿದ್ದ ಪಾಡು ನೋಡಲಾರದೆ ನಾನು ಕೈ ಚಾಚಿದೆ. ಅವಳು ನಗುತ್ತಾ ಕಾಗದ ಕೊಟ್ಟಳು. ಒಂದು ಸುತ್ತು, ಒಂದು ಮಡಿಕೆ, ತಳ ತಿರುವಿ ದಾರ ಎಳೆದು ಬಿಗಿದೆ. ಜನ ಚಪ್ಪಾಳೆ ತಟ್ಟಿದರು. ಅವಳು ಏನೋ ಕೇಳಿದಳು.

"ದೊಡ್ಡಮ್ಮ, ನೀನು ಅಂಗಡೀನಾ ಅಂತೆ" ಎಂದಿತು ಮಗು.

"ಹೂಂ ಅನ್ನು. ಹುಟ್ಟಿದಾಗಿಂದ ಅಂಗಡೀನೇ ಅನ್ನು."

ಮಗು ಹೇಳಿತು. ಎಲ್ಲರೂ ನಕ್ಕರು. ಆ ಹೆಂಗಸು ಕಟ್ಟೆಯ ಹಲಗೆ ಎತ್ತಿ ನನ್ನನ್ನೂ ಮಗುವನ್ನೂ ಒಳಗೆ ಕರೆದಳು. ಆ ದೇಶದಲ್ಲಿ ಎರಡು ತಿಂಗಳು ಬಾಯಿಲ್ಲದವಳ ಹಾಗೆ ಇದ್ದೆ. ಈಗ ಇಡೀ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದವಳು ನಾನೇ ಎನ್ನಿಸಿತು.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಅಮ್ಮನ ಸೆರಗು ಹಿಡಿದು ಬಂದ ಮಗುವನ್ನು ಅಪ್ಪ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಬೆಲ್ಲದ ಚೂರೋ ಕಲ್ಲುಸಕ್ಕರೆಯೋ ಕೊಡುತ್ತಿದ್ದರು. ಆದರೆ ಡಬ್ಬದಿಂದ ತೆಗೆದದ್ದನ್ನು ಮೊದಲು ತಮ್ಮ ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದರು. ಡಬ್ಬಗಳ ಮೇಲೆ ಹೆಸರಿರಲಿಲ್ಲ. ಹೆಸರು ನೋಡುವುದು ನಾಲಿಗೆಯಿಂದಲೇ ಎಂದು ನನಗೂ ಕಲಿಸಿದ್ದರು.

ಪಕ್ಕದ ಖಾನೆಯೊಂದು ಅರ್ಧ ತೆರೆದಿತ್ತು. ಒಳಗೆ ಬಿಳಿ ಹರಳುಗಳು. ಖಾನೆಯ ಮೇಲೆ ಏನೋ ಬರೆದಿತ್ತು, ಒಂದು ಚೀಟಿಯನ್ನೂ ಅಂಟಿಸಿದ್ದರು. ಆ ಹೆಂಗಸು ಕಾಗದ ತರಲು ಆಚೆ ತಿರುಗಿದ್ದಳು. ಜನ ನೋಡುತ್ತಿದ್ದರು. ನಾನು ಒಂದು ಹರಳು ತೆಗೆದು, ಅಪ್ಪನ ಹಾಗೆಯೇ ಬಗ್ಗಿ, ಮಗುವಿನ ಬಾಯಿಗೆ ಇಟ್ಟೆ.

ನನ್ನ ನಾಲಿಗೆಗೆ ಇಟ್ಟುಕೊಳ್ಳಲಿಲ್ಲ.

ಮಗುವಿನ ಮುಖ ಮುದುಡಿತು. ಥೂ ಎಂದು ಉಗಿದು ನನ್ನ ಕಾಲು ತಬ್ಬಿಕೊಂಡಿತು. ಚೂರು ಹೊರಗೆ ಬಿತ್ತು. ಅರ್ಧ ಬಿತ್ತೋ ಪೂರ್ತಿ ಬಿತ್ತೋ ನನಗೆ ಗೊತ್ತಾಗಲಿಲ್ಲ. ನಗುನಗುತ್ತಲೇ ಮಗುವನ್ನು ಎತ್ತಿಕೊಂಡು ಹೊರಗೆ ಬಂದೆ. ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ಅಲ್ಲಿನ ಬರಹ ಓದಲು ಬರುವುದಿಲ್ಲವೆಂದು ಗೊತ್ತಾಗುತ್ತಿತ್ತು. ಶೌಚಾಲಯದಲ್ಲಿ ಅದರ ಬಾಯಿ ತೊಳೆಸಿದೆ. ಬಸ್ಸಿನಲ್ಲಿ ಜೊಲ್ಲು ಸುರಿಯತೊಡಗಿತು. ತುಟಿ ಕೆಂಪಗಾಗಿತ್ತು. ಮನೆಗೆ ಬಂದು ವಾಂತಿ ಮಾಡಿಕೊಂಡಿತು.

ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ತಂಗಿ ಓಡಿ ಬಂದಳು.

"ಏನ್ ತಿಂದ್ಲು ಅಕ್ಕ?"

"ಏನೂ ಇಲ್ಲ ಕಣೇ. ಬೇಕರಿಯಲ್ಲಿ ಒಂದು ಬನ್ನು."

"ಬಾಯಿಗೇನಾದ್ರೂ ಹಾಕ್ಕೊಂಡ್ಲಾ? ಸರಿಯಾಗಿ ಯೋಚ್ನೆ ಮಾಡಿ ಹೇಳು."

"ಇಲ್ಲ ಅಂದ್ನಲ್ಲ!" ಎಂದು ರೇಗಿದೆ. ಭಯಕ್ಕೆ ರೇಗಿದೆ.

ಅವಳು ಮನೆಯೆಲ್ಲ ಹುಡುಕಿದಳು. ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟು ತೆರೆದಿತ್ತು, ಪಾತ್ರೆ ತೊಳೆಯುವ ಮೆಷಿನ್ನಿಗೆ ಹಾಕುವ ಸೋಪಿನ ಮಾತ್ರೆಗಳ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. ಅವಳು ಅಲ್ಲೇ ನೆಲದ ಮೇಲೆ ಕುಸಿದಳು. "ಬೆಳಗ್ಗೆ ನಾನೇ ತೆಗ್ದಿದ್ದು. ಲಾಕ್ ಹಾಕ್ಲಿಲ್ಲ. ನಾನೇ ಅಕ್ಕ, ನಾನೇ."

ಆಗಲಾದರೂ ಹೇಳಬೇಕಿತ್ತು. ಹೇಳದೆ ಅವಳ ಬೆನ್ನು ಸವರಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ತಂಗಿಯ ಜೊತೆ ತುಂಬ ಹೊತ್ತು ಮಾತಾಡಿದರು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. "ಆ ಮಾತ್ರೆ ಗಂಟಲು ಸುಡತ್ತಂತೆ. ಅರಿವಳಿಕೆ ಕೊಟ್ಟು, ಕ್ಯಾಮೆರಾ ಇರೋ ಟ್ಯೂಬು ಒಳಗೆ ಬಿಟ್ಟು ನೋಡ್ತಾರಂತೆ" ಎಂದಳು. ನರ್ಸು ಮಗುವಿನ ಪುಟ್ಟ ಕೈಯನ್ನು ಹಿಡಿದು ಸೂಜಿಗೆ ಜಾಗ ಹುಡುಕುತ್ತಿದ್ದಳು. ಮಗು ಅಳುತ್ತಾ ನನ್ನನ್ನೇ ನೋಡುತ್ತಿತ್ತು.

"ನಿಲ್ಸು," ಎಂದೆ. "ಅವ್ರಿಗೆ ನಿಲ್ಸೋಕೆ ಹೇಳು. ಮಾತ್ರೆ ಅಲ್ಲ. ಹಳೇ ಊರಿನ ಅಂಗಡಿಯಲ್ಲಿ ಬಿಳೀ ಹರಳಿತ್ತು. ಅದು."

"ಯಾವ ಹರಳು? ಅವ್ಳಿಗೆ ಹೇಗೆ ಸಿಕ್ತು?"

ನಿಜ ಹೇಳಲು ಒಂದು ಉಸಿರಿನಷ್ಟು ಹೊತ್ತಿತ್ತು.

"ಖಾನೆ ತೆರೆದಿತ್ತು. ಅವಳೇ ತಗೊಂಡು ಬಾಯಿಗೆ ಹಾಕ್ಕೊಂಡ್ಳು. ನಾನು ನೋಡೋ ಅಷ್ಟ್ರಲ್ಲಿ..."

ತಂಗಿ ಅಲ್ಲಿಂದಲೇ ಹಳೇ ಊರಿಗೆ ಫೋನ್ ಮಾಡಿದಳು. ಅದು ಬಟ್ಟೆ ಒಗೆಯುವ ಸೋಡಾ. ಹಿಂದಿನ ಕಾಲದಲ್ಲಿ ಹಾಗೆ ಬಿಡಿಯಾಗಿ ಮಾರುತ್ತಿದ್ದರಂತೆ, ನೋಡಲಿಕ್ಕೆಂದು ಇಟ್ಟದ್ದು, ತಿನ್ನುವುದಲ್ಲ, ಮುಟ್ಟಬೇಡಿ ಎಂದು ಚೀಟಿಯಲ್ಲಿ ಬರೆದಿತ್ತಂತೆ. ಡಾಕ್ಟರು ಮಗುವಿನ ಬಾಯಿಯನ್ನು ಮತ್ತೊಮ್ಮೆ ದೀಪ ಹಿಡಿದು ನೋಡಿ, ಈಗ ಟ್ಯೂಬು ಬೇಡ, ಸಂಜೆಯವರೆಗೆ ಇಲ್ಲೇ ಇರಲಿ, ನೋಡೋಣ ಎಂದರು. ಸಂಜೆಗೆ ಮಗು ತಣ್ಣನೆಯ ಹಾಲು ಕುಡಿಯಿತು. ನುಂಗುವಾಗ ನೋವಿರಲಿಲ್ಲ.

ಆಮೇಲೆ ತಂಗಿ ಅದರ ಕೂದಲು ಸರಿಮಾಡುತ್ತಾ ಕೇಳಿದಳು. "ಕೇಳ್ದೆ ಏನೂ ತಗೋಬಾರ್ದು ಅಂತ ಹೇಳಿರ್ಲಿಲ್ವಾ ಮರಿ? ಯಾಕೆ ತಗೊಂಡೆ?"

ಮಗು ಸ್ವೀಡಿಶ್‌ನಲ್ಲಿ ಉತ್ತರ ಕೊಟ್ಟಿತು. ನಡುವೆ ದೊಡ್ಡಮ್ಮ ಎಂದಿತು. ಹೆಬ್ಬೆರಳು ತೋರುಬೆರಳು ಕೂಡಿಸಿ ತನ್ನ ತುಟಿಗೆ ಮುಟ್ಟಿಸಿ ತೋರಿಸಿತು, ನಾನು ಬಗ್ಗಿ ಕೊಟ್ಟ ಹಾಗೆಯೇ. ನರ್ಸು ತಲೆಯೆತ್ತಿ ನನ್ನನ್ನು ನೋಡಿದಳು. ತಂಗಿ ನೋಡಲಿಲ್ಲ. ಹೊದಿಕೆಯನ್ನು ಮಗುವಿನ ಕುತ್ತಿಗೆಯವರೆಗೆ ಎಳೆದಳು.

"ದೊಡ್ಡಮ್ಮಂಗೆ ಸಾರಿ ಕೇಳು, ಹೆದರಿಸಿಬಿಟ್ಯಲ್ಲ" ಎಂದಳು.

ಮಗು ನನಗೆ ಸಾರಿ ಕೇಳಿತು.

ಉಳಿದ ಒಂದು ತಿಂಗಳು ತಂಗಿ ಆ ಮಾತೆತ್ತುತ್ತಾಳೆಂದು ದಿನವೂ ಹೆದರಿ ಎದ್ದೆ. ಎತ್ತಲಿಲ್ಲ. ಮತ್ತೆ ಡಾಗಿಸ್‌ಗೆ ರಜೆ ಬಂದ ದಿನ, "ನೀನು ರೆಸ್ಟ್ ತಗೋ ಅಕ್ಕ, ನಾನು ಮನೆಯಿಂದ್ಲೇ ಕೆಲ್ಸ ಮಾಡ್ತೀನಿ" ಎಂದಳು. ಅವಳು ಯಾರ ಮಾತು ನಂಬಿದಳು? ನನಗೆ ಇಂದಿಗೂ ಗೊತ್ತಿಲ್ಲ.

ಈ ವರ್ಷ ಮತ್ತೆ ಕರೆದಿದ್ದಾಳೆ. ಟಿಕೆಟ್ಟೂ ಬಂದಿದೆ. ಹೊರಡುವ ಮುಂಚೆ ಇದನ್ನು ಅವಳಿಗೆ ಕಳಿಸುತ್ತೇನೆ. ಓದಿದ ಮೇಲೂ ಬಾ ಎಂದರೆ ಹೋಗುತ್ತೇನೆ. ಮಗುವಿಗೆ ಈಗ ಐದು ವರ್ಷ. ಅದು ಖಾನೆಗೆ ಕೈ ಹಾಕಲಿಲ್ಲ. ತೆಗೆದವಳು ನಾನು, ಬಾಯಿಗೆ ಇಟ್ಟವಳೂ ನಾನು. ಆ ದಿನ ಅದು ನನಗೆ ಕೇಳಿದ ಸಾರಿಯನ್ನು ನಾನು ವಾಪಸ್ಸು ಕೊಡಬೇಕು.